ದಾವೂದರ ಕವಚ ಮತ್ತು ನಮ್ಮ ಮಕ್ಕಳ ಬೈಕ್

(ಮೊಹಲ್ಲಾದ ಯುವಕರು ಮತ್ತು ಹೆತ್ತವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮಸೀದಿಗಳ ಕೊನೆಯ ಸಾಲಿನಲ್ಲಿ ಗೋಡೆಗೆ ತಾಗಿಕೊಂಡು ಕೆಲವು ಕುರ್ಚಿಗಳಿರುತ್ತವೆ. ಮಂಡಿನೋವಿನ ವೃದ್ಧರಿಗಾಗಿ ಇಟ್ಟ ಕುರ್ಚಿಗಳವು. ಕೆಲವು ತಿಂಗಳ ಹಿಂದೆ ಒಂದು ಜುಮಾ ದಿನ ಅಂಥದೊಂದು ಕುರ್ಚಿಯಲ್ಲಿ 24ರ ಹರೆಯದ ಯುವಕನೊಬ್ಬ ಕುಳಿತು ನಮಾಝ್ ನಿರ್ವಹಿಸುತ್ತಿದ್ದುದನ್ನು ಕಂಡೆ. ಆತ ಟೈಲ್ಸ್ ಕೆಲಸದವನು. ಮಂಡಿಯೂರಿ ದುಡಿಯುವುದೇ ಆತನ ಕಸುಬು. ತಿರುವಿನಲ್ಲಿ ಹರಡಿದ್ದ ಜಲ್ಲಿಯ ಮೇಲೆ ಬೈಕ್ ಜಾರಿತು. ವೇಗ ಹೆಚ್ಚೇನೂ ಇರಲಿಲ್ಲ. ಮಂಡಿಚಿಪ್ಪು ಒಡೆಯಿತು, ಎರಡೂ ಅಂಗೈಗಳ ಚರ್ಮ ರಸ್ತೆಯ ಪಾಲಾಯಿತು. ನಾನು ಸಲಾಂ ಹೇಳಿ ಬಳಿ ಕುಳಿತಾಗ ಆತ ಹೇಳಿದ ಮೊದಲ ಮಾತು ಇದು: "ಉಸ್ತಾದ್, ನಾನು ಹೆಲ್ಮೆಟ್ ಹಾಕಿದ್ದೆ."

ಆತನ ಮಾತಿನಲ್ಲಿ ದೂರಿತ್ತು. ಕಾನೂನು ಹೇಳಿದ್ದನ್ನು ಆತ ಮಾಡಿದ್ದ. ಅವನ ತಲೆಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಸುಜೂದ್‌ಗೆ ಬಾಗಬೇಕಾದ ಮಂಡಿ, ನೆಲವನ್ನು ಸ್ಪರ್ಶಿಸಬೇಕಾದ ಅಂಗೈ, ಮನೆಯ ಅನ್ನವನ್ನು ಸಂಪಾದಿಸಬೇಕಾದ ಕೈಕಾಲು ಇವುಗಳಿಗೆ ಅವನ ಬಳಿ ಯಾವ ರಕ್ಷಣೆಯೂ ಇರಲಿಲ್ಲ. ಅವುಗಳಿಗೂ ಒಂದು ಕವಚ ಇದೆಯೆಂದು ಅವನಿಗೆ ಹೇಳಿದವರೂ ಇರಲಿಲ್ಲ. ಧಾರ್ಮಿಕ ವೇದಿಕೆಯಲ್ಲಿ ನಿಂತು ಬೈಕಿನ ಜಾಕೆಟ್ ಬಗ್ಗೆ ಮಾತಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆ ಕುರ್ಚಿಯೇ ಇಂದಿನ ನನ್ನ ಮಾತಿಗೆ ಕಾರಣ.

ವಿಧಿಯ ನೆಪ

ಅಪಘಾತವಾದ ಮನೆಗೆ ಹೋದಾಗ ನಾವು ಸಾಮಾನ್ಯವಾಗಿ ಕೇಳುವ ಮಾತು, "ಎಲ್ಲ ಅಲ್ಲಾಹನ ವಿಧಿ" ಎಂಬುದು. ನಿಜ. ವಿಧಿಯ ಮೇಲಿನ ವಿಶ್ವಾಸವು ನಮ್ಮ ಈಮಾನಿನ ಭಾಗ. ದುಃಖದಲ್ಲಿರುವವರಿಗೆ ಅದು ದೊಡ್ಡ ಸಾಂತ್ವನ. ಆದರೆ ಬೈಕ್ ಏರುವ ಮುನ್ನ ಆಡಬೇಕಾದ ಮಾತು ಅದಲ್ಲ. ಅಪಘಾತದ ನಂತರ ಅದು ಸಹನೆಯಾಗುತ್ತದೆ. ಅಪಘಾತಕ್ಕೆ ಮೊದಲೇ ಹೇಳಿದರೆ ಸೋಮಾರಿತನವಾಗುತ್ತದೆ.

ಖಲೀಫಾ ಉಮರ್(ರ) ಸಿರಿಯಾದ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿರುವ ಸುದ್ದಿ ದಾರಿಯಲ್ಲೇ ತಲುಪಿತು. ಅವರು ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನ ಮಾಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದರು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇನೆ ಎಂಬ ಅರ್ಥದ ಉತ್ತರವನ್ನು ಉಮರ್(ರ) ನೀಡಿದರು. ಒಣ ಬಯಲೂ ಹಸಿರು ಬಯಲೂ ಎದುರಿಗಿರುವಾಗ ಒಂಟೆಯನ್ನು ಹಸಿರಿನಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದು ವಿವರಿಸಿದರು. ಒಂಟೆಯನ್ನು ಕಟ್ಟಿ ಭರವಸೆ ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ ಹದೀಸ್ ನಿಮಗೆಲ್ಲ ತಿಳಿದಿದೆ. ಇಂದಿನ ಒಂಟೆಗೆ ಎರಡು ಚಕ್ರಗಳಿವೆ. ಅದನ್ನು ಕಟ್ಟುವ ಹಗ್ಗ ಯಾವುದೆಂದು ನಾವು ವಿಚಾರಿಸಬೇಕಾಗಿದೆ.

ಪ್ರವಾದಿವರ್ಯರ(ಸ) ಜೀವನವನ್ನೇ ನೋಡಿರಿ. ಅಲ್ಲಾಹನ ಮೇಲೆ ಅವರಿಗಿದ್ದಷ್ಟು ಭರವಸೆ ಯಾರಿಗಿತ್ತು? ಆದರೂ ಉಹುದ್ ರಣರಂಗಕ್ಕೆ ಅವರು ಒಂದರ ಮೇಲೊಂದರಂತೆ ಎರಡು ಕವಚಗಳನ್ನು ಧರಿಸಿ ಹೋದರೆಂದು ವರದಿಯಾಗಿದೆ. ಮಕ್ಕಾ ವಿಜಯದ ದಿನ ನಗರವನ್ನು ಪ್ರವೇಶಿಸುವಾಗ ಅವರ ಶಿರದಲ್ಲಿ ಶಿರಸ್ತ್ರಾಣವಿತ್ತು. ಉಹುದ್‌ನಲ್ಲಿ ಆ ಶಿರಸ್ತ್ರಾಣಕ್ಕೆ ಏಟು ಬಿದ್ದು ಅದರ ಬಳೆಗಳು ಅವರ ಕೆನ್ನೆಯೊಳಕ್ಕೆ ಹೊಕ್ಕವು. ಅವುಗಳನ್ನು ಹಲ್ಲಿನಿಂದ ಕಚ್ಚಿ ಹೊರತೆಗೆದು ತಮ್ಮ ಮುಂದಿನ ಹಲ್ಲುಗಳನ್ನೇ ಕಳೆದುಕೊಂಡವರು ಇದೇ ಅಬೂ ಉಬೈದಾ(ರ). ಕವಚ ಧರಿಸುವುದು ಭರವಸೆಯ ಕೊರತೆಯಾಗಿದ್ದರೆ ಪ್ರವಾದಿವರ್ಯರು(ಸ) ಅದನ್ನು ಧರಿಸುತ್ತಿದ್ದರೇ?

ಕವಚಕ್ಕೂ ಒಂದು ಅಳತೆ

ಪವಿತ್ರ ಕುರ್‌ಆನ್ ಕವಚದ ಬಗ್ಗೆ ಮೂರು ಕಡೆ ಮಾತಾಡುತ್ತದೆ. ಸೂರಃ ಅಲ್ ಅಂಬಿಯಾದಲ್ಲಿ, ಹೊಡೆತದಿಂದ ರಕ್ಷಿಸುವ ಉಡುಪಿನ ತಯಾರಿಯನ್ನು ಪ್ರವಾದಿ ದಾವೂದ್(ಅ)ರಿಗೆ ಕಲಿಸಿದ್ದನ್ನು ಸ್ಮರಿಸಿ, ನೀವು ಕೃತಜ್ಞರಾಗುವಿರಾ ಎಂದು ಕೇಳಲಾಗಿದೆ. ಸೂರಃ ಅನ್ನಹ್ಲ್‌ನಲ್ಲಿ, ಬಿಸಿಲಿನಿಂದ ಕಾಪಾಡುವ ಉಡುಪು ಮತ್ತು ಹೊಡೆತದಿಂದ ಕಾಪಾಡುವ ಉಡುಪು ಎರಡನ್ನೂ ಒಂದೇ ವಚನದಲ್ಲಿ ಅಲ್ಲಾಹನ ಅನುಗ್ರಹವಾಗಿ ಎಣಿಸಲಾಗಿದೆ. ಮೂರನೆಯದು ಸೂರಃ ಸಬಾ. ಅಲ್ಲಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು, ಪೂರ್ಣ ಅಳತೆಯ ಕವಚಗಳನ್ನು ಮಾಡುವಂತೆಯೂ ಕೊಂಡಿಗಳನ್ನು ಸರಿಯಾದ ಪ್ರಮಾಣದಲ್ಲಿ ಜೋಡಿಸುವಂತೆಯೂ ಆದೇಶಿಸಲಾಗಿದೆ. ಮೊಳೆ ತೀರಾ ಸಪೂರವಾದರೆ ಕೊಂಡಿ ಸಡಿಲವಾಗುತ್ತದೆ, ತೀರಾ ದಪ್ಪವಾದರೆ ಬಳೆ ಸೀಳುತ್ತದೆ ಎಂದು ವ್ಯಾಖ್ಯಾನಕಾರರು ಇದನ್ನು ವಿವರಿಸಿದ್ದಾರೆ.

ಸಹೋದರರೇ, ಪ್ರವಾದಿಯೊಬ್ಬರಿಗೆ ಕವಚದ ಕೊಂಡಿಯ ಅಳತೆಯನ್ನು ಕಲಿಸಿದ ಧರ್ಮ ನಮ್ಮದು. ಕವಚವಿದ್ದರೆ ಸಾಲದು, ಅದು ದೇಹಕ್ಕೆ ಪೂರ್ಣವಾಗಿ, ಸರಿಯಾದ ಅಳತೆಯಲ್ಲಿ ಇರಬೇಕು. ಬೈಕ್ ಸವಾರನ ಜಾಕೆಟ್ ಆರಿಸುವಾಗಲೂ ಇದಕ್ಕಿಂತ ದೊಡ್ಡ ಸೂತ್ರ ಇನ್ನೊಂದಿಲ್ಲ.

ತಲೆಯ ಬಳಿಯೇ ನಿಂತ ಕಾನೂನು

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಅಂದರೆ ದಿನಕ್ಕೆ 200ಕ್ಕಿಂತ ಹೆಚ್ಚು ಜನಾಝಾ ಅಥವಾ ಶವಯಾತ್ರೆ. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತ ಸವಾರರು ಮತ್ತು ಸಹ ಸವಾರರ ಸಂಖ್ಯೆ 50,029. ಆದುದರಿಂದ ಮೊದಲ ಕವಚ ಹೆಲ್ಮೆಟ್ಟೇ. ಅದರಲ್ಲಿ ಚರ್ಚೆಯೇ ಇಲ್ಲ.

ಹೆಲ್ಮೆಟ್ಟಿನ ಇತಿಹಾಸದಲ್ಲಿ ನಮಗೆ ಪರಿಚಿತವಾದ ಒಂದು ಹೆಸರಿದೆ. 1916ರಲ್ಲಿ ಆರಂಭವಾದ ಅರಬ್ ಬಂಡಾಯದ ಕಾಲದಲ್ಲಿ ಉಸ್ಮಾನೀ ಸಾಮ್ರಾಜ್ಯದ ವಿರುದ್ಧ ಅರಬರ ಜೊತೆ ಕೆಲಸ ಮಾಡಿದ ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್, ಅಂದರೆ 'ಲಾರೆನ್ಸ್ ಆಫ್ ಅರೇಬಿಯಾ'. 1935ರ ಮೇ 13ರಂದು ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಅವರು ಬೈಕಿನಿಂದ ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. 6 ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಬೈಕ್ ಸವಾರರ ತಲೆಗಾಯಗಳನ್ನು ಅಭ್ಯಸಿಸಿ, ಹೆಲ್ಮೆಟ್ಟಿನ ಅಗತ್ಯದ ಬಗ್ಗೆ 1941ರಲ್ಲಿ ಲೇಖನ ಪ್ರಕಟಿಸಿದರು. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಆದರೆ ಆ ದೇಶದ ಸಾಮಾನ್ಯ ಸವಾರರಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ತಿಳಿವಳಿಕೆ ಬಂದ ಮೇಲೂ ಕಾನೂನು ಬರಲು ಮೂರು ದಶಕಗಳು ಹಿಡಿದವು. ಆ ನಡುವೆ ಎಷ್ಟು ತಲೆಗಳು ಒಡೆದವೋ!

ದೇಹದ ಕವಚದ ವಿಷಯದಲ್ಲಿ ನಾವು ಇಂದು ಅಂಥದೇ ನಡುಗಾಲದಲ್ಲಿದ್ದೇವೆ. ನಮ್ಮ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ತಲೆಯ ಬಗ್ಗೆ ಮಾತ್ರ ಹೇಳುತ್ತದೆ. ಆದರೆ ರಸ್ತೆ ತಲೆಯನ್ನು ಮಾತ್ರ ಹುಡುಕುವುದಿಲ್ಲ. ಯುರೋಪಿನ ಐದು ದೇಶಗಳಲ್ಲಿ 921 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಅಭ್ಯಸಿಸಿದ 'ಮೇಡ್ಸ್' ಎಂಬ ಅಧ್ಯಯನದಲ್ಲಿ, ಒಟ್ಟು ಗಾಯಗಳ ಅರ್ಧಕ್ಕಿಂತ ಹೆಚ್ಚು ಪಾಲು ಕೈಕಾಲುಗಳದ್ದು. ತಲೆಯ ಗಾಯ ಕೊಲ್ಲುತ್ತದೆ. ಕೈಕಾಲುಗಳ ಗಾಯ ದುಡಿಮೆಯನ್ನು ಕೊಲ್ಲುತ್ತದೆ. ಮೆಕ್ಯಾನಿಕ್, ಟೈಲರ್, ಮೀನು ವ್ಯಾಪಾರಿ, ಗಾರೆ ಕೆಲಸದವನು ಇವರ ಮನೆಯಲ್ಲಿ ಅಂಗೈಯೇ ಆಸ್ತಿಪತ್ರ. ಅದಕ್ಕೆ ವಿಮೆಯೂ ಇರುವುದಿಲ್ಲ.

ಬಿದ್ದಾಗ ಆಗುವುದೇನು?

ಕವಚವನ್ನು ಆರಿಸುವ ಮೊದಲು, ಬಿದ್ದಾಗ ದೇಹಕ್ಕೆ ಏನಾಗುತ್ತದೆಂದು ಅರಿಯಬೇಕು. ಎರಡು ಸಂಗತಿಗಳು ಜರಗುತ್ತವೆ. ಮೊದಲು ದೇಹ ನೆಲಕ್ಕೆ ಅಪ್ಪಳಿಸುತ್ತದೆ, ನಂತರ ಉಜ್ಜುತ್ತಾ ಸಾಗುತ್ತದೆ. ಸೀಟಿನ ಎತ್ತರದಿಂದ ಬೀಳುವ ಆ ಮೊದಲ ಏಟು ಭುಜ, ಮೊಣಕೈ, ಸೊಂಟ, ಮಂಡಿ ಇವುಗಳಿಗೆ ತಗಲುತ್ತದೆ. ಬಳಿಕ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ದೇಹ ಡಾಮರಿನ ಮೇಲೆ ನಿಲ್ಲಬೇಕಾದರೆ 20 ಮೀಟರಿಗಿಂತಲೂ ಹೆಚ್ಚು ದೂರ, ಎರಡು ಸೆಕೆಂಡಿಗಿಂತಲೂ ಹೆಚ್ಚು ಹೊತ್ತು ಉಜ್ಜಬೇಕಾಗುತ್ತದೆ. ನಮ್ಮ ಮಕ್ಕಳು ಧರಿಸುವ ಸಾದಾ ಜೀನ್ಸ್ ಬಟ್ಟೆ ಅಂಥ ಉಜ್ಜುವಿಕೆಯನ್ನು ಒಂದು ಸೆಕೆಂಡೂ ತಾಳಲಾರದು. ಉಳಿದ ಹೊತ್ತು ಉಜ್ಜುವುದು ಚರ್ಮ.

ಆದುದರಿಂದ ಒಳ್ಳೆಯ ರಕ್ಷಣಾ ಉಡುಪಿಗೆ ಎರಡು ಕೆಲಸಗಳಿವೆ. ಹೊರಬಟ್ಟೆ ಉಜ್ಜುವಿಕೆಯನ್ನು ತಾಳಬೇಕು. ಒಳಗಿನ ಕವಚದ ತುಂಡುಗಳು, ಅಂದರೆ ಭುಜ, ಮೊಣಕೈ, ಬೆನ್ನು, ಸೊಂಟ, ಮಂಡಿಗಳ ಬಳಿ ಇಡುವ ಪ್ಯಾಡ್‌ಗಳು, ಏಟನ್ನು ಹೀರಬೇಕು. ಅಂಗಡಿಯಲ್ಲಿ ದಪ್ಪವಾಗಿ, ಗತ್ತಾಗಿ ಕಾಣುವ ಎಲ್ಲ ಜಾಕೆಟ್ಟುಗಳೂ ಈ ಎರಡು ಕೆಲಸ ಮಾಡುವುದಿಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಅಪಘಾತಕ್ಕೊಳಗಾದ 212 ಸವಾರರನ್ನು ಪರಿಶೀಲಿಸಿತು. ಬೈಕಿಗಾಗಿಯೇ ಮಾಡಿದ ಜಾಕೆಟ್, ಪ್ಯಾಂಟ್, ಗ್ಲೌಸ್ ಧರಿಸಿದ್ದವರು ಆಸ್ಪತ್ರೆಗೆ ದಾಖಲಾದದ್ದು ಗಣನೀಯವಾಗಿ ಕಡಿಮೆ. ಆದರೆ ಅದೇ ಅಧ್ಯಯನದಲ್ಲಿ, ಧರಿಸಿದ್ದ ಜಾಕೆಟ್ಟುಗಳಲ್ಲಿ ನೂರಕ್ಕೆ ಸುಮಾರು 30, ಗ್ಲೌಸ್‌ಗಳಲ್ಲಿ ನೂರಕ್ಕೆ ಸುಮಾರು 26 ಹರಿದು ಸೋತಿದ್ದವು. ಧರಿಸುವುದು ಎಷ್ಟು ಮುಖ್ಯವೋ ಆರಿಸುವುದೂ ಅಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಆರಿಸುವುದು ಹೇಗೆ?

ಮೊದಲನೆಯದಾಗಿ, ಪಟ್ಟಿಯನ್ನು ಓದಿರಿ. ಹೆಲ್ಮೆಟ್ಟಿಗೆ ನಮ್ಮಲ್ಲಿ ಐಎಸ್‌ಐ ಗುರುತು ಇದೆ. 2021ರ ಜೂನ್ 1ರಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ದೇಹದ ಕವಚಕ್ಕೆ ಸದ್ಯ ಹೆಚ್ಚಾಗಿ ಅವಲಂಬಿಸುವುದು ಯುರೋಪಿನ 'ಸಿಇ' ಮಾನದಂಡಗಳನ್ನು. ಬರೇ 'ಸಿಇ' ಎಂಬ ಎರಡಕ್ಷರ ಸಾಲದು. ಕವಚದ ತುಂಡನ್ನು ಜೇಬಿನಿಂದ ಹೊರತೆಗೆದು ನೋಡಿರಿ. ಅದರ ಮೇಲೆ ಇಎನ್ 1621 ಎಂಬ ಸಂಖ್ಯೆ, ಬೈಕ್ ಸವಾರನ ಚಿತ್ರ, 1 ಅಥವಾ 2 ಎಂಬ ಮಟ್ಟ ಅಚ್ಚಾಗಿರಬೇಕು. ಭುಜ, ಮೊಣಕೈ, ಮಂಡಿಗಳಿಗೆ 1621-1, ಬೆನ್ನಿಗೆ 1621-2, ಎದೆಗೆ 1621-3.

ಈ ಮಟ್ಟದ ಅರ್ಥವೇನು? ಪ್ರಯೋಗಾಲಯದಲ್ಲಿ ಸುಮಾರು 5 ಕೆ.ಜಿ. ಭಾರವನ್ನು 1 ಮೀಟರ್ ಎತ್ತರದಿಂದ ಕವಚದ ಮೇಲೆ ಬೀಳಿಸಿ, ಅದರ ಅಡಿಗೆ ಎಷ್ಟು ಬಲ ದಾಟುತ್ತದೆಂದು ಅಳೆಯುತ್ತಾರೆ. ಕೈಕಾಲಿನ ಕವಚದಲ್ಲಿ ಸರಾಸರಿ 35 ಕಿಲೋನ್ಯೂಟನ್‌ಗಿಂತ ಹೆಚ್ಚು ದಾಟದಿದ್ದರೆ ಮಟ್ಟ 1, 20ಕ್ಕಿಂತ ಹೆಚ್ಚು ದಾಟದಿದ್ದರೆ ಮಟ್ಟ 2. ಬೆನ್ನಿನ ಕವಚಕ್ಕೆ ಕ್ರಮವಾಗಿ 18 ಮತ್ತು 9. ಅಂದರೆ ಬೆನ್ನಿನಲ್ಲಿ ಮಟ್ಟ 2ರ ಕವಚ ದಾಟಿಸುವ ಬಲ ಮಟ್ಟ 1ರ ಮಿತಿಯ ಅರ್ಧದಷ್ಟು. ಕೈಗೆಟಕುವುದಾದರೆ ಮಟ್ಟ 2ನ್ನೇ ಕೊಳ್ಳಿರಿ.

ಎರಡನೆಯದಾಗಿ, ಉಡುಪಿನ ಹೊರಬಟ್ಟೆಯ ದರ್ಜೆಯನ್ನು ನೋಡಿರಿ. ಇಎನ್ 17092 ಎಂಬ ಮಾನದಂಡವು ಎಎಎ, ಎಎ, ಎ, ಬಿ, ಸಿ ಎಂಬ ದರ್ಜೆಗಳನ್ನು ನೀಡುತ್ತದೆ. ಮೊದಲ ಮೂರರಲ್ಲಿ ಉಜ್ಜುವಿಕೆಯ ರಕ್ಷಣೆಯೂ ಕವಚವೂ ಇರುತ್ತವೆ. ಬಿ ದರ್ಜೆಯಲ್ಲಿ ಕವಚವಿಲ್ಲ. ಸಿ ದರ್ಜೆ ಕವಚವನ್ನು ಹಿಡಿದಿಡುವ ಬಲೆ ಮಾತ್ರ, ಅದರ ಬಟ್ಟೆ ಉಜ್ಜುವಿಕೆಯನ್ನು ತಾಳುವುದಿಲ್ಲ. ಹೆದ್ದಾರಿ 66ರಲ್ಲಿ ದಿನವೂ ಓಡಾಡುವವನಿಗೆ ಎಎ ದರ್ಜೆ ಸೂಕ್ತ. ಪೇಟೆಯೊಳಗಷ್ಟೇ ಸಾಗುವವನಿಗೆ ಎ ದರ್ಜೆಯೂ ಏನೂ ಇಲ್ಲದಿರುವುದಕ್ಕಿಂತ ಬಹಳ ಮೇಲು.

ಮೂರನೆಯದಾಗಿ, ಅಂಗಡಿಯವನು ಹೇಳದ ಒಂದು ಸಂಗತಿ. ಅನೇಕ ಜಾಕೆಟ್ಟುಗಳ ಭುಜ ಮತ್ತು ಮೊಣಕೈಯಲ್ಲಿ ನಿಜವಾದ ಕವಚವಿದ್ದು, ಬೆನ್ನಿನ ಜೇಬಿನಲ್ಲಿ ಮಾತ್ರ ಹಾಸಿಗೆಯ ಸ್ಪಂಜಿನಂಥ ತುಂಡು ಇರುತ್ತದೆ. ಅದು ಆಕಾರಕ್ಕಾಗಿ ಇಟ್ಟದ್ದು, ರಕ್ಷಣೆಗಲ್ಲ. ಅದರ ಮೇಲೆ ಯಾವ ಸಂಖ್ಯೆಯೂ ಇರುವುದಿಲ್ಲ. ಅದನ್ನು ತೆಗೆದು ಪ್ರಮಾಣಿತ ಬೆನ್ನಿನ ಕವಚವನ್ನು ಬೇರೆಯಾಗಿ ಕೊಂಡು ಇಡಬೇಕು.

ನಾಲ್ಕನೆಯದು ಅಳತೆ. ದಾವೂದ್(ಅ)ರಿಗೆ ಕಲಿಸಿದ ಪಾಠ ಇಲ್ಲಿದೆ. ತಮ್ಮನಿಗೂ ಆಗಲಿ, ಮುಂದೆ ದಪ್ಪವಾದರೂ ಆಗಲಿ ಎಂದು ಮದುವೆಯ ಕೋಟಿನಂತೆ ಒಂದು ಅಳತೆ ದೊಡ್ಡದನ್ನು ಕೊಂಡರೆ, ಬಿದ್ದ ಕ್ಷಣದಲ್ಲಿ ಕವಚವು ಮೊಣಕೈ ಬಿಟ್ಟು ಪಕ್ಕಕ್ಕೆ ತಿರುಗುತ್ತದೆ. ಜಾಕೆಟ್ ಧರಿಸಿ ಬೈಕಿನ ಮೇಲೆ ಕುಳಿತೇ ನೋಡಿರಿ. ಹ್ಯಾಂಡಲ್ ಹಿಡಿದಾಗ ಕವಚ ಸರಿಯಾಗಿ ಮೊಣಕೈಯ ಮೇಲಿದೆಯೇ? ಕೈಯಿಂದ ಎಳೆದರೆ ಜರುಗುತ್ತದೆಯೇ? ತೋಳು ಮಣಿಕಟ್ಟನ್ನು, ಹಿಂಬದಿ ಸೊಂಟವನ್ನು ಮುಚ್ಚಿದೆಯೇ? ಉಸಿರಾಟಕ್ಕೆ, ತಿರುಗಿ ನೋಡುವುದಕ್ಕೆ ಅಡ್ಡಿಯಿದೆಯೇ? ಸಡಿಲವೂ ಬೇಡ, ಬಿಗಿಯೂ ಬೇಡ.

ಐದನೆಯದು ಸೆಕೆ. ಕರಾವಳಿಯ ಏಪ್ರಿಲ್ ತಿಂಗಳಲ್ಲಿ ದಪ್ಪ ಚರ್ಮದ ಜಾಕೆಟ್ ಧರಿಸಿ ಯಾರು ಹೋಗುತ್ತಾರೆ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಗಾಳಿಯಾಡುವ ಬಲೆಬಟ್ಟೆಯ, ಏಟು ಬೀಳುವ ಜಾಗಗಳಲ್ಲಿ ಮಾತ್ರ ಗಟ್ಟಿ ಬಟ್ಟೆ ಹೊಲಿದ ಮೆಶ್ ಜಾಕೆಟ್ಟುಗಳು ಇದಕ್ಕಾಗಿಯೇ ಇವೆ. ಉಜ್ಜುವಿಕೆಯಲ್ಲಿ ಅವು ಚರ್ಮಕ್ಕೆ ಸಮವಲ್ಲ. ಆದರೆ ಮನೆಯ ಕಪಾಟಿನಲ್ಲಿರುವ ಉತ್ತಮ ಜಾಕೆಟ್ಟಿಗಿಂತ ಮೈಮೇಲಿರುವ ಸಾಧಾರಣ ಜಾಕೆಟ್ ಲೇಸು. ಮೃದುವಾಗಿದ್ದು ಏಟು ಬಿದ್ದಾಗ ಗಟ್ಟಿಯಾಗುವ ಕವಚಗಳೂ ಬಂದಿವೆ. ಅಂಥವು ಬಿಸಿಯಲ್ಲಿ ಮೆತ್ತಗಾಗುವುದುಂಟು. ಕವಚದ ಮೇಲೆ 'ಟಿ+' ಎಂಬ ಗುರುತಿದ್ದರೆ 40 ಡಿಗ್ರಿ ಉಷ್ಣತೆಯಲ್ಲಿಯೂ ಅದು ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ನಮ್ಮ ನಾಡಿಗೆ ಅದೇ ಬೇಕು.

ಚರ್ಮದ ಉಡುಪು ಅಥವಾ ಗ್ಲೌಸ್ ಕೊಳ್ಳುವಾಗ ಯಾವ ಪ್ರಾಣಿಯ ಚರ್ಮವೆಂದು ಕೇಳಲು ಸಂಕೋಚ ಬೇಡ. ಹಂದಿಯ ಚರ್ಮ ಬಳಸಿದ ಗ್ಲೌಸ್‌ಗಳೂ ಮಾರುಕಟ್ಟೆಯಲ್ಲಿವೆ. ಕೆವ್ಲರ್‌ನಂಥ ಅರಾಮಿಡ್ ನೂಲಿನ ಬಟ್ಟೆಯಾದರೆ ಬ್ಲೀಚ್ ತಾಗಿಸಬೇಡಿರಿ, ಬಿಸಿಲಿನಲ್ಲಿ ಒಣಹಾಕಬೇಡಿರಿ. ಎರಡೂ ಆ ನೂಲನ್ನು ದುರ್ಬಲಗೊಳಿಸುತ್ತವೆ. ಒಮ್ಮೆ ದೊಡ್ಡ ಏಟು ತಿಂದ ಹೆಲ್ಮೆಟ್ ಮತ್ತು ಕವಚವನ್ನು ಬದಲಿಸಿರಿ.

ಹಣ ಕಡಿಮೆಯಿದ್ದರೆ?

ಇಲ್ಲಿ ಕುಳಿತಿರುವ ಎಲ್ಲರೂ ಒಂದೇ ದಿನ ಎಲ್ಲವನ್ನೂ ಕೊಳ್ಳುವಷ್ಟು ಶ್ರೀಮಂತರಲ್ಲ. ಹಾಗಾದರೆ ಕ್ರಮವೊಂದನ್ನು ಇಟ್ಟುಕೊಳ್ಳೋಣ. ಮೊದಲು ಗಲ್ಲವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್. ನಂತರ ಗ್ಲೌಸ್, ಯಾಕೆಂದರೆ ಬೀಳುವ ಮನುಷ್ಯ ಮೊದಲು ಕೈ ಊರುತ್ತಾನೆ. ಅಂಗೈಯ ಬುಡದಲ್ಲಿ ಗಟ್ಟಿ ಪಟ್ಟಿಯಿರುವ, ಮಣಿಕಟ್ಟಿಗೆ ಕಟ್ಟುವ ಗ್ಲೌಸ್ ಆಗಿರಲಿ. ಮೂರನೆಯದು ಪಾದ. ನಾನು ಹೇಳಿದ ಆ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಬೈಕಿಗಾಗಿ ಮಾಡದ ಸಾದಾ ಬೂಟುಗಳನ್ನು ಧರಿಸಿದವರಿಗೂ ಪಾದ ಮತ್ತು ಕಣಕಾಲಿನ ಗಾಯದ ಅಪಾಯ ಸಾಮಾನ್ಯ ಶೂ ಧರಿಸಿದವರ ಅರ್ಧಕ್ಕಿಂತ ಕಡಿಮೆಯಿತ್ತು. ಹವಾಯಿ ಚಪ್ಪಲಿಯಲ್ಲಿ ಬೈಕ್ ಓಡಿಸುವ ನಮ್ಮ ಹುಡುಗರು ಇದನ್ನು ಗಮನಿಸಬೇಕು. ನಾಲ್ಕನೆಯದು ಕವಚವಿರುವ ಜಾಕೆಟ್, ಐದನೆಯದು ಮಂಡಿಯ ಕವಚ ಅಥವಾ ಕವಚವಿರುವ ಪ್ಯಾಂಟ್. ಪ್ಯಾಂಟಿನ ಮೇಲೆ ಕಟ್ಟುವ ಮಂಡಿಕವಚವಾದರೂ ಸರಿ, ಅದರ ಮೇಲೂ ಸಂಖ್ಯೆ ಇರಲಿ. ಆರು ತಿಂಗಳಲ್ಲಿ, ಒಂದು ವರ್ಷದಲ್ಲಿ ಒಂದೊಂದಾಗಿ ಕೊಳ್ಳಬಹುದು.

ಬೈಕಿಗೆ ಲಕ್ಷ ರೂಪಾಯಿ ಸಾಲ ಮಾಡುವಾಗ ನಾವು ಹಿಂಜರಿಯುವುದಿಲ್ಲ. ಸೈಲೆನ್ಸರ್ ಬದಲಿಸಿ ಮೊಹಲ್ಲಾದ ನಿದ್ದೆ ಕೆಡಿಸಲು ಖರ್ಚು ಮಾಡುತ್ತೇವೆ. ಅದರ ಮೇಲೆ ಕೂರುವ ದೇಹಕ್ಕೆ ಕೆಲವು ಸಾವಿರ ಕೊಡುವಾಗ ಮಾತ್ರ ಇಸ್ರಾಫ್, ದುಂದುವೆಚ್ಚ ಎಂಬ ಮಾತು ನೆನಪಾಗುತ್ತದೆ. ದೇಹ ಅಲ್ಲಾಹನು ಕೊಟ್ಟ ಅಮಾನತ್. ಅಮಾನತ್ತನ್ನು ಕಾಪಾಡಲು ಮಾಡಿದ ಖರ್ಚು ದುಂದಾಗದು.

ತಾಯಂದಿರು ಮತ್ತು ಮಕ್ಕಳು

ಸಹೋದರಿಯರೇ, ಬುರ್ಖಾ ಮತ್ತು ದುಪಟ್ಟಾ ನಮ್ಮ ಗೌರವದ ಉಡುಪು. ಆದರೆ ಚಕ್ರಕ್ಕೆ ಅದು ತಿಳಿಯದು. ಹಿಂಬದಿ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ತಡೆ, ಹಿಡಿಕೆ, ಕಾಲಿಡುವ ಆಸರೆ ಇವು ಪ್ರತಿ ಬೈಕಿನಲ್ಲೂ ಇರಬೇಕೆಂದು ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದಕ್ಕೆಂದು ಅದನ್ನು ಬಿಚ್ಚಿಸಿದ ಬೈಕಿನಲ್ಲಿ ನೀವು ಕೂರಬೇಡಿರಿ. ಕೂರುವ ಮುನ್ನ ಬುರ್ಖಾದ ಅಂಚನ್ನೂ ಶಾಲಿನ ತುದಿಯನ್ನೂ ಒಳಗೆ ಸಿಕ್ಕಿಸಿರಿ. ಒಂದು ಪಕ್ಕಕ್ಕೆ ಕಾಲಿಟ್ಟು ಕೂರುವುದಕ್ಕಿಂತ ಒಳಗೆ ಸಡಿಲ ಪ್ಯಾಂಟ್ ಧರಿಸಿ ಎರಡು ಕಡೆ ಕಾಲಿಟ್ಟು ಕೂರುವುದು ಹೆಚ್ಚು ಸುರಕ್ಷಿತ. ಜಾಕೆಟ್ ಮತ್ತು ಗ್ಲೌಸ್ ಪುರುಷರಿಗೆ ಮಾತ್ರ ಸೀಮಿತವಲ್ಲ. ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ಮಗಳಿಗೂ ಅದೇ ರಸ್ತೆ.

4 ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. 4 ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಜೊತೆಗೆ ಸವಾರನ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ ಮತ್ತು 40 ಕಿ.ಮೀ. ವೇಗಮಿತಿ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಎಸೆಸೆಲ್ಸಿ ಪಾಸಾದ ಉಡುಗೊರೆಯಾಗಿ ಮಗನಿಗೆ ಬೈಕ್ ಕೊಡುವ ತಂದೆಯೂ ಕೇಳಬೇಕು: ಅಪ್ರಾಪ್ತ ಬಾಲಕ ಅಪರಾಧವೆಸಗಿದರೆ 2019ರ ತಿದ್ದುಪಡಿಯಂತೆ 25,000 ರೂ. ದಂಡವೂ 3 ವರ್ಷಗಳವರೆಗಿನ ಸೆರೆಮನೆಯೂ ಪೋಷಕನಿಗೆ ಕಾದಿವೆ.

ಸಮುದಾಯದ ಹೊಣೆ

ಕೆಲವು ಕಹಿ ಮಾತುಗಳನ್ನೂ ಆಡಬೇಕಾಗಿದೆ. ಹಝ್ರತ್ ಅಲೀ(ರ) ಫಾತಿಮಾ(ರ)ರನ್ನು ವಿವಾಹವಾದಾಗ ಅವರ ಬಳಿ ಹೇಳಿಕೊಳ್ಳುವ ಸಂಪತ್ತಿರಲಿಲ್ಲ. ತಮ್ಮ ಕವಚವನ್ನೇ ಮಹ್ರ್ ಆಗಿ ನೀಡಿದರು. ಆ ಪರಂಪರೆಯ ನಾವು ಇಂದು ವಧುವಿನ ತಂದೆಯಿಂದ ಬೈಕನ್ನು ವಸೂಲು ಮಾಡುತ್ತೇವೆ. ಅಲೀ(ರ) ಕವಚ ಕೊಟ್ಟು ಮದುವೆಯಾದರು, ನಾವು ಬೈಕ್ ಪಡೆದು ಮದುವೆಯಾಗುತ್ತೇವೆ. ನಂತರ ಆ ಬೈಕಿನ ಮೇಲೆ ಕವಚವೂ ಇಲ್ಲದೆ ಆಕೆಯನ್ನು ವಿಧವೆಯಾಗಿಸುತ್ತೇವೆ. ವರನಿಗೆ ಉಡುಗೊರೆ ಕೊಡಲೇಬೇಕೆನಿಸಿದರೆ ಗೆಳೆಯರೆಲ್ಲ ಸೇರಿ ಎರಡು ಹೆಲ್ಮೆಟ್, ಎರಡು ಜೊತೆ ಗ್ಲೌಸ್ ಕೊಡಲಿ.

ಮೀಲಾದ್ ದಿನದ ಬೈಕ್ ರ್‍ಯಾಲಿಯಲ್ಲಿ ಟೊಪ್ಪಿ ಧರಿಸಿ ಮೂವರು ಮೂವರಾಗಿ ಸಾಗುವ ಹುಡುಗರನ್ನು ನೋಡಿರಿ. ಶಿರಸ್ತ್ರಾಣ ಧರಿಸಿದ ಪ್ರವಾದಿಯ(ಸ) ಪ್ರೇಮವನ್ನು ಪ್ರದರ್ಶಿಸುವ ವಿಧಾನ ಇದೇ? ಪೇಟ ಧರಿಸಿದ ಸಿಖ್ಖರಿಗೆ ಕಾನೂನಿನಲ್ಲಿ ವಿನಾಯಿತಿಯಿದೆ, ನಮಾಝಿನ ಟೊಪ್ಪಿಗೆ ಇಲ್ಲ. ನಮ್ಮ ಗುರುತು ನೋಡಿ ಪೊಲೀಸರು ತಡೆಯುತ್ತಾರೆಂಬ ದೂರು ಕೆಲವೆಡೆ ಸತ್ಯವಿರಬಹುದು, ಅದನ್ನು ಪ್ರಶ್ನಿಸಲೇಬೇಕು. ಆದರೆ ಹೆಲ್ಮೆಟ್ಟಿಲ್ಲದ ತಲೆಯೊಂದಿಗೆ ಪ್ರಶ್ನಿಸಲಾಗದು. ರಮಝಾನಿನಲ್ಲಿ ಇಫ್ತಾರಿಗೆ ಮನೆ ತಲುಪಲು ಹಸಿದ ಹೊಟ್ಟೆಯಲ್ಲಿ ಗಾಳಿಯಂತೆ ಹಾರುವವರಿಗೆ ನನ್ನ ವಿನಂತಿ: ಬೆಲ್ಟಿನ ಚೀಲದಲ್ಲಿ ನಾಲ್ಕು ಖರ್ಜೂರ, ಒಂದು ಬಾಟಲಿ ನೀರು ಇರಲಿ. ರಸ್ತೆಯ ಬದಿಯಲ್ಲಿ ನಿಂತು ಉಪವಾಸ ತೊರೆಯಿರಿ.

ಸರಕಾರ ಮತ್ತು ಕಂಪೆನಿಗಳ ಹೊಣೆಯನ್ನೂ ಮರೆಯಬಾರದು. ನಮ್ಮ ನೂರಾರು ಮಕ್ಕಳು ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಆಹಾರ, ದಿನಸಿ ತಲುಪಿಸುವ ಕೆಲಸದಲ್ಲಿದ್ದಾರೆ. ಕಂಪೆನಿಯ ಹೆಸರು ಬರೆದ ತೆಳ್ಳಗಿನ ಟೀ ಶರ್ಟ್ ಜಾಹೀರಾತು ಆಗಬಲ್ಲುದು, ಕವಚವಾಗಲಾರದು. ಕಾರ್ಖಾನೆಯಲ್ಲಿ ಕಾರ್ಮಿಕನಿಗೆ ಸುರಕ್ಷಾ ಸಾಧನ ಕೊಡುವುದು ಮಾಲಕನ ಕರ್ತವ್ಯವಾದರೆ, ರಸ್ತೆಯೇ ಕಾರ್ಖಾನೆಯಾದವನಿಗೆ ಏಕೆ ಕೊಡಬಾರದು? 2025ರಲ್ಲಿ ಕರ್ನಾಟಕವು ಈ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆಯೊಂದನ್ನು ತಂದಿತು. ಆ ಕಲ್ಯಾಣ ನಿಧಿಯಿಂದ ಪ್ರಮಾಣಿತ ಜಾಕೆಟ್, ಗ್ಲೌಸ್ ದೊರೆಯಬೇಕೆಂಬ ಬೇಡಿಕೆಯನ್ನು ನಾವು ಮುಂದಿಡಬೇಕು. ತಿರುವಿನಲ್ಲಿ ಜಲ್ಲಿ ಸುರಿದು ಹೋಗುವ ಗುತ್ತಿಗೆದಾರನನ್ನೂ ಹೊಂಡ ಮುಚ್ಚದ ಇಲಾಖೆಯನ್ನೂ ಕೇಳಬೇಕು. ಕವಚ ಕೊಳ್ಳಿರಿ ಎಂದು ಬಡವನಿಗೆ ಉಪದೇಶಿಸಿ ರಸ್ತೆಯ ಬಗ್ಗೆ ಮೌನವಾಗಿರುವುದು ನ್ಯಾಯವಲ್ಲ.

ಕವಚದ ಮಿತಿ

ಕೊನೆಯ ಎಚ್ಚರಿಕೆ. ಕವಚ ಪವಾಡವಲ್ಲ. ಆಸ್ಟ್ರೇಲಿಯಾದ ಅದೇ ಅಧ್ಯಯನವು ಗಾಯಗಳು ಕಡಿಮೆಯಾದುದನ್ನು ಕಂಡಿತಾದರೂ, ಮೂಳೆಮುರಿತದಲ್ಲಿ ಕವಚದಿಂದ ವ್ಯತ್ಯಾಸವನ್ನು ಕಾಣಲಿಲ್ಲ. ಬೆನ್ನಿನ ಕವಚ ನೇರ ಏಟನ್ನು ಹೀರುತ್ತದೆ, ಬೆನ್ನುಹುರಿ ತಿರುಚಿ ಬಾಗುವುದನ್ನು ತಡೆಯಲಾರದು. ವೇಗ ಎರಡು ಪಟ್ಟಾದರೆ ಅಪ್ಪಳಿಸುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. 60 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 14 ಮೀಟರ್ ಎತ್ತರದ, ನಾಲ್ಕು ಮಹಡಿಯ ಕಟ್ಟಡದಿಂದ ಬಿದ್ದಂತೆ. ಅದನ್ನು ಯಾವ ಜಾಕೆಟ್ಟೂ ತಡೆಯದು. ಹಾಗಾಗಿ ಕವಚ ಧರಿಸಿ ವೀಲಿಂಗ್ ಮಾಡುವವನು ದಾವೂದ್(ಅ)ರ ಪಾಠದ ಅರ್ಧವನ್ನೇ ಕಲಿತವನು. ಸೂರಃ ಸಬಾದ ಆ ವಚನದಲ್ಲಿ ಕವಚದ ಅಳತೆಯ ಆದೇಶದ ಬೆನ್ನಿಗೇ ಸತ್ಕರ್ಮದ ಆದೇಶವಿದೆ. ರಸ್ತೆಯಲ್ಲಿ ಸತ್ಕರ್ಮವೆಂದರೆ ನಿಧಾನ, ಸಂಯಮ, ಇತರರ ಹಕ್ಕಿನ ಗೌರವ.

ಸಹೋದರರೇ, ಆ ಟೈಲ್ಸ್ ಕೆಲಸದ ಯುವಕ ಈಗ ಕೋಲು ಬಿಟ್ಟು ನಡೆಯುತ್ತಾನೆ. ಮಂಡಿಯೂರಲು ಇನ್ನೂ ಆಗುವುದಿಲ್ಲ. ಟೈಲ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಈ ಸಭೆಗೆ ಬರುವ ಮುನ್ನ ಅವನಿಗೆ ಫೋನ್ ಮಾಡಿ, ಯುವಕರಿಗೆ ಏನು ಹೇಳಲಿ ಎಂದು ಕೇಳಿದೆ. "ಆ ಕುರ್ಚಿ ಮುದುಕರಿಗೇ ಇರಲಿ ಎಂದು ಹೇಳಿ ಉಸ್ತಾದ್" ಎಂದ.

ನಮ್ಮ ಮಕ್ಕಳ ಮಂಡಿಗಳು ಮುಪ್ಪಿನವರೆಗೂ ಸುಜೂದ್‌ಗೆ ಬಾಗುವಂತಾಗಲಿ. ಅವರು ಹೊರಟಂತೆಯೇ ಮನೆಗೆ ಮರಳುವಂತಾಗಲಿ. ಒಂಟೆಯನ್ನು ಕಟ್ಟಿ ಭರವಸೆ ಇಡುವವರಲ್ಲಿ ಅಲ್ಲಾಹನು ನಮ್ಮನ್ನೆಲ್ಲ ಸೇರಿಸಲಿ. ಆಮೀನ್. ವ ಆಖಿರು ದಅವಾನಾ ಅನಿಲ್ ಹಮ್ದುಲಿಲ್ಲಾಹಿ ರಬ್ಬಿಲ್ ಆಲಮೀನ್.